ಲೆಫೆಬ್ಯೂರ್-ವೆಲಿಯ ಇ-ಫ್ಲಾಟ್ ಸೊರ್ತಿ: ಸ್ವರಲಿಪಿ, ವಾದ್ಯ, ನುಡಿಸುವ ಬಗೆ

ತೀರ್ಪು ಮೊದಲೇ ಹೇಳಿಬಿಡೋಣ: ಐದಕ್ಕೆ ನಾಲ್ಕು. ಫ್ರೆಂಚ್ ಆರ್ಗನಿಸ್ಟ್ ಲೂಯಿ ಜೇಮ್ಸ್ ಆಲ್ಫ್ರೆಡ್ ಲೆಫೆಬ್ಯೂರ್-ವೆಲಿ ಬರೆದ ಇ-ಫ್ಲಾಟ್ ಮೇಜರ್ ಸೊರ್ತಿ (ಚರ್ಚಿನ ಪೂಜೆ ಮುಗಿದಾಗ ನುಡಿಸುವ ಕೃತಿ) ಪೈಪ್ ಆರ್ಗನ್ ನುಡಿಸುವವರ ಕೈಚೀಲದಲ್ಲಿ ಇರಲೇಬೇಕಾದ ಕೃತಿ. ನಾಲ್ಕು ನಿಮಿಷದ ಆಸುಪಾಸಿನ ಉದ್ದ, ಒಮ್ಮೆ ಕೇಳಿದರೆ ಬಾಯಲ್ಲಿ ಗುನುಗುವ ಮಟ್ಟು, ಸ್ವರಲಿಪಿಗೆ ಕಾಸೂ ಬೇಡ. ಒಂದು ಅಂಕ ಕಳೆದದ್ದಕ್ಕೆ ಎರಡು ಕಾರಣ. ಮಧ್ಯಭಾಗ ಸ್ವಲ್ಪ ತೆಳು. ಮತ್ತೆ, ಪುಟದ ಮೇಲೆ ಸಲೀಸಾಗಿ ಕಾಣುವುದು ವಾದ್ಯದ ಮುಂದೆ ಕೂತ ಮೇಲೆ ಅಷ್ಟು ಸಲೀಸಲ್ಲ. ಮೊದಲನೆಯದಕ್ಕೆ ಮದ್ದಿಲ್ಲ. ಎರಡನೆಯದಕ್ಕೆ ಇದೆ, ಅದನ್ನೇ ಇಲ್ಲಿ ಹೆಚ್ಚು ಹೇಳಬೇಕಿರುವುದು.

ಈ ಕೃತಿಯನ್ನು ಕೆಡಿಸುವವರಲ್ಲಿ ಹೆಚ್ಚಿನವರು ಕೆಡಿಸುವುದು ವೇಗದಿಂದ. ಖುಷಿಯ ಸಂಗೀತ ಎಂದರೆ ಓಡಿಸಬೇಕು ಎಂಬ ಲೆಕ್ಕ. ಆದರೆ ಆರ್ಗನ್ನಿನ ಕೀಯನ್ನು ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಪೈಪಿನಿಂದ ಬರುವ ನಾದ ಅಷ್ಟೇ. ಪಿಯಾನೋದಲ್ಲಿ ಒಂದು ಏಟಿಗೆ ಹೆಚ್ಚು ತೂಕ ಕೊಟ್ಟು ತಾಳ ಎದ್ದು ಕಾಣುವಂತೆ ಮಾಡಬಹುದು, ಇಲ್ಲಿ ಆ ದಾರಿ ಮುಚ್ಚಿದೆ. ಉಳಿದಿರುವುದು ಒಂದೇ ಉಪಾಯ: ಸ್ವರ ಎಷ್ಟು ಹೊತ್ತು ನಿಲ್ಲಬೇಕು, ಯಾವಾಗ ಬಿಡಬೇಕು ಎಂಬುದು. ಈ ಸೊರ್ತಿಯ ಗೆಲುವೆಲ್ಲ ಆ ಬಿಡುವಿನಲ್ಲಿದೆ.

ಏನಿದು, ಯಾರದು

ಕ್ಯಾಥೊಲಿಕ್ ಚರ್ಚಿನಲ್ಲಿ ಪೂಜೆ ಮುಗಿದು ಜನ ಎದ್ದು ಹೊರಡುವ ಹೊತ್ತಿಗೆ ನುಡಿಸುವ ಸಂಗೀತಕ್ಕೆ ಫ್ರಾನ್ಸಿನಲ್ಲಿ ಸೊರ್ತಿ ಎನ್ನುತ್ತಾರೆ. ಯಾರೂ ಕೂತು ಕೇಳುವುದಿಲ್ಲ. ಕುರ್ಚಿ ಸರಿಯುವ ಸದ್ದು, ಮಾತು, ಹೆಜ್ಜೆಗಳ ಮಧ್ಯೆ ತೇಲಿಬರಬೇಕಾದ ಸಂಗೀತ. ಹಾಗಾಗಿ ನಯನಾಜೂಕಿಗೆ ಇಲ್ಲಿ ಜಾಗ ಕಡಿಮೆ. ಮಟ್ಟು ದೊಡ್ಡದಾಗಿ, ತಾಳ ಸ್ಪಷ್ಟವಾಗಿ, ಸ್ವರಸಂಯೋಜನೆ ಮುಂದೇನು ಬರುತ್ತದೆಂದು ಕಿವಿಗೆ ಮೊದಲೇ ಗೊತ್ತಾಗುವಂತೆ ಇರುತ್ತದೆ. ಇದೂ ಹಾಗೇ. ಎರಡು ಎಣಿಕೆಯ ನಡೆ. ಮೊದಲ ಎಣಿಕೆಗೆ ಕಾಲಿನ ಕೀಗಳಲ್ಲಿ, ಅಂದರೆ ಪೆಡಲ್‌ನಲ್ಲಿ, ಮಂದ್ರದ ಸ್ವರ, ಅದರ ಬೆನ್ನಿಗೆ ಕೈಯಲ್ಲಿ ಗಿಡ್ಡ ಕಾರ್ಡ್ (ಒಟ್ಟಿಗೆ ಒತ್ತುವ ಹಲವು ಸ್ವರ), ಮೇಲೆ ಬಲಗೈಯ ಮಟ್ಟು. ಜಾತ್ರೆಯ ತಿರುಗುಕುದುರೆಯ ಸಂಗೀತದಂತಿದೆ ಎಂದು ಮೂಗು ಮುರಿಯುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಹೋಲಿಕೆ ತಪ್ಪಲ್ಲ, ಅದನ್ನು ಬೈಗುಳ ಎಂದುಕೊಂಡಿರುವುದು ತಪ್ಪು.

ಲೆಫೆಬ್ಯೂರ್-ವೆಲಿ ಹುಟ್ಟಿದ್ದು 1817ರ ನವೆಂಬರ್ 13ರಂದು, ಪ್ಯಾರಿಸ್‌ನಲ್ಲಿ. ತಂದೆ ಅಲ್ಲಿನ ಸ್ಯಾಂ-ರೋಕ್ ಚರ್ಚಿನ ಆರ್ಗನಿಸ್ಟ್. ತಂದೆ ಹಾಸಿಗೆ ಹಿಡಿದಾಗ ಹುಡುಗನೇ ಅವರ ಜಾಗದಲ್ಲಿ ಕೂತು ನುಡಿಸುತ್ತಿದ್ದ. 1831ರಲ್ಲಿ ತಂದೆ ತೀರಿಕೊಂಡ ಮೇಲೆ ಹುದ್ದೆಯೂ ಅವನದೇ ಆಯಿತು. ಪ್ಯಾರಿಸ್ ಕನ್ಸರ್ವೇಟರಿಯಲ್ಲಿ ಓದಿ ಬಹುಮಾನ ಗೆದ್ದು, 1847ರಲ್ಲಿ ಮದ್ಲೇನ್ ಚರ್ಚಿಗೆ ಬಂದ. 1849ರ ಅಕ್ಟೋಬರ್ 30ರಂದು ಅಲ್ಲಿ ಪಿಯಾನೋ ಸಂಯೋಜಕ ಶೋಪ್ಯಾನ (ಚೋಪಿನ್) ಅಂತ್ಯಕ್ರಿಯೆಯ ಪೂಜೆ ನಡೆದಾಗ, ಶೋಪ್ಯಾನದೇ ಎರಡು ಪ್ರೆಲ್ಯೂಡ್‌ಗಳನ್ನು, ಇ ಮೈನರ್ ಮತ್ತು ಬಿ ಮೈನರ್, ಆರ್ಗನ್ ಮೇಲೆ ನುಡಿಸಿದವನು ಈತನೇ. ಬರೀ ಕುಣಿಸುವ ಸಂಗೀತಗಾರ ಎಂದು ಪಕ್ಕಕ್ಕಿಡುವ ಮುನ್ನ ಇದನ್ನು ನೆನಪಿಡಬೇಕು.

1858ರಲ್ಲಿ ಆತ ಮದ್ಲೇನ್ ಬಿಟ್ಟಾಗ ಜಾಗಕ್ಕೆ ಬಂದವನು ಸಂಯೋಜಕ ಸ್ಯಾಂ-ಸಾನ್ಸ್. ಅಲ್ಲಿನ ಭಕ್ತರು ಹಣವಂತರು, ಆಪೆರಾ-ಕೋಮಿಕ್ ನಾಟಕಶಾಲೆಗೆ ಹೋಗಿಬರುವವರು, ಅವರ ಅಭಿರುಚಿಗೆ ತಕ್ಕಂತೆ ನುಡಿಸಬಾರದೇ ಎಂದು ಪಾದ್ರಿಯೊಬ್ಬರು ಕೇಳಿದಾಗ, ಪ್ರವಚನದ ಪೀಠದಿಂದ ಆಪೆರಾ-ಕೋಮಿಕ್‌ನ ಮಾತು ಕೇಳಿಬಂದ ದಿನ ಹಾಗೇ ನುಡಿಸುತ್ತೇನೆ ಎಂಬರ್ಥದ ಉತ್ತರ ಕೊಟ್ಟನೆಂಬುದು ಪ್ರಸಿದ್ಧ ಪ್ರಸಂಗ. ಆ ಭಕ್ತರ ಕಿವಿಗೆ ಯಾವ ರುಚಿ ಹತ್ತಿತ್ತು, ಯಾರಿಂದ ಹತ್ತಿತ್ತು ಎಂಬುದನ್ನು ಊಹಿಸಲು ಕಷ್ಟವಿಲ್ಲ. ಲೆಫೆಬ್ಯೂರ್-ವೆಲಿ 1863ರಿಂದ ಸ್ಯಾಂ-ಸುಲ್ಪೀಸ್ ಚರ್ಚಿನಲ್ಲಿದ್ದು, 1869ರ ಡಿಸೆಂಬರ್ 31ರಂದು ತೀರಿಕೊಂಡ. ಮರುವರ್ಷ ಅಲ್ಲಿಗೆ ಬಂದವನು ಆರ್ಗನ್ ಸಂಯೋಜಕ ವಿದೋರ್.

ಈ ಹೆಸರುಗಳಿಗಿಂತ ನುಡಿಸುವವರಿಗೆ ಹೆಚ್ಚು ಮುಖ್ಯವಾದದ್ದು ಆ ಚರ್ಚುಗಳಲ್ಲಿದ್ದ ವಾದ್ಯ. ಮದ್ಲೇನ್‌ನದು 1846ರದು, ನಾಲ್ಕು ಕೈಕೀಬೋರ್ಡು, 48 ಸ್ಟಾಪು (ಸ್ಟಾಪು ಎಂದರೆ ಒಂದು ಬಗೆಯ ನಾದದ ಪೈಪುಗಳ ಸಾಲು, ಅದನ್ನು ತೆರೆಯಲು ಎಳೆಯುವ ಗುಂಡಿ). ಸ್ಯಾಂ-ಸುಲ್ಪೀಸ್‌ನದು 1862ರದು, ಐದು ಕೈಕೀಬೋರ್ಡು, 100 ಸ್ಟಾಪು. ಎರಡನ್ನೂ ಕಟ್ಟಿದವನು ಅರಿಸ್ತೀಡ್ ಕವಾಯೇ-ಕೋಲ್. ಅವನ ವಾದ್ಯಗಳಲ್ಲಿ ಟ್ರಂಪೆಟ್ ಜಾತಿಯ ರೀಡ್ ಪೈಪುಗಳಿಗೆ ಗಾಳಿಪೆಟ್ಟಿಗೆ ಬೇರೆ. ಸ್ಟಾಪುಗಳನ್ನು ಮೊದಲೇ ಎಳೆದಿಟ್ಟಿದ್ದರೂ ಕಾಲಿನ ಒಂದು ಲಿವರ್ ತುಳಿಯುವವರೆಗೆ ಅವು ಬಾಯಿ ಬಿಡುವುದಿಲ್ಲ. ತುಳಿದ ಕ್ಷಣ ಇಡೀ ತುತ್ತೂರಿ ಗುಂಪು ಒಟ್ಟಿಗೆ ಹೊರಡುತ್ತದೆ. ಇನ್ನೊಂದು, ಬಾರ್ಕರ್ ಲಿವರ್. ಗಾಳಿಯ ಒತ್ತಡದಿಂದಲೇ ಕೀಯ ಭಾರ ಎತ್ತುವ ಈ ಏರ್ಪಾಡನ್ನು ಕವಾಯೇ-ಕೋಲ್ ಮೊದಲು ಬಳಸಿದ್ದು 1841ರ ಸ್ಯಾಂ-ದೆನಿ ಆರ್ಗನ್ನಿನಲ್ಲಿ. ಅದಿಲ್ಲದೆ ಎರಡು ಮೂರು ಕೀಬೋರ್ಡು ಜೋಡಿಸಿಕೊಂಡು ಇಷ್ಟು ಗಿಡ್ಡ ಕಾರ್ಡುಗಳನ್ನು ಹೊಡೆಯುವುದು ಬೆರಳಿಗೆ ಶಿಕ್ಷೆ. ಸೊರ್ತಿಯ ಗದ್ದಲವೂ ಚುರುಕೂ ಈ ಯಂತ್ರ ಇದೆ ಎಂಬ ಧೈರ್ಯದ ಮೇಲೆ ಹುಟ್ಟಿದವು.

ಸ್ವರಲಿಪಿ: ಪುಕ್ಕಟೆಯದು ಸಾಕೇ?

ಕರ್ತೃ ತೀರಿಕೊಂಡು ಒಂದೂವರೆ ಶತಮಾನ ದಾಟಿರುವುದರಿಂದ ಹಕ್ಕುಸ್ವಾಮ್ಯದ ಗೊಡವೆಯಿಲ್ಲ. ಐಎಂಎಸ್‌ಎಲ್‌ಪಿ ಜಾಲತಾಣದಲ್ಲಿ ಆತನ ಆರ್ಗನ್ ಕೃತಿಗಳ ಹಳೆಯ ಮುದ್ರಣಗಳ ಸ್ಕ್ಯಾನ್ ಸಿಗುತ್ತದೆ. ಫ್ರೆಂಚ್ ಸೂಚನೆಗಳಿಗೆ ಹೆದರದವರಿಗೆ, ಕಾಲಿನ ಬೆರಳು-ಹಿಮ್ಮಡಿಯ ಗುರುತನ್ನು ತಾವೇ ಹಾಕಿಕೊಳ್ಳುವವರಿಗೆ ಅದೇ ಸಾಕು. ದುಡ್ಡು ಕೊಟ್ಟು ತೆಗೆದುಕೊಳ್ಳುವ ಹೊಸ ಮುದ್ರಣದಲ್ಲಿ ಮೂರು ಅನುಕೂಲ ಇದೆಯೇ ಎಂದು ನೋಡಿ: ಪೆಡಲ್‌ಗೆ ಬೇರೆ ಸಾಲು, ಪುಟ ತಿರುಗಿಸುವ ಜಾಗದಲ್ಲಿ ಒಂದು ಕೈಯಾದರೂ ಖಾಲಿ, ಸ್ಟಾಪುಗಳ ಸೂಚನೆಗೆ ಸಾಧಾರಣ ಆರ್ಗನ್ನಿನಲ್ಲಿ ಸಿಗುವ ಪರ್ಯಾಯ. ಮೂರೂ ಇಲ್ಲದಿದ್ದರೆ ಹೊಳಪು ಕಾಗದಕ್ಕೆ ದುಡ್ಡು ಕೊಟ್ಟಂತೆ.

ಫ್ರೆಂಚ್ ಸೂಚನೆಗಳ ಬಗ್ಗೆ ಎರಡು ಮಾತು. ಈ ಕಾಲದ ಫ್ರೆಂಚ್ ಮುದ್ರಣಗಳಲ್ಲಿ 'ಫೋಂ' ಎಂದರೆ ಕೊಳಲು, ಪ್ರಿನ್ಸಿಪಲ್ ಮೊದಲಾದ ತಳಪಾಯದ ಸ್ಟಾಪುಗಳು; 'ಆಂಶ್' ಎಂದರೆ ರೀಡುಗಳು, ಅದರ ಜತೆಗೆ ಅದೇ ಗಾಳಿಪೆಟ್ಟಿಗೆಯ ಮೇಲೆ ಕೂತ, ಒಂದು ಕೀಗೆ ಹಲವು ಸಣ್ಣ ಪೈಪು ನುಡಿಯುವ ಮಿಕ್ಸ್ಚರ್‌ಗಳೂ ಸೇರುತ್ತವೆ. 'ತಿರಾಸ್' ಕೈಕೀಬೋರ್ಡನ್ನು ಪೆಡಲ್‌ಗೆ ಜೋಡಿಸುವ ಕಪ್ಲರ್. 'ಮೆತೇ' ಕಂಡರೆ ಹಾಕಿ, 'ಓತೇ' ಕಂಡರೆ ತೆಗೆಯಿರಿ. 'ರೆಸಿ' ಎಂಬುದು ಕದವಿರುವ ಪೆಟ್ಟಿಗೆಯೊಳಗಿನ ಕೀಬೋರ್ಡು, ಅಂದರೆ ಸ್ವೆಲ್. ಇಷ್ಟು ಗೊತ್ತಿದ್ದರೆ ನಿಘಂಟು ತೆರೆಯಬೇಕಿಲ್ಲ.

ಪುಟ ತಿರುಗಿಸುವುದು ನಿಜವಾದ ತಲೆನೋವು. ಎರಡು ಕೈ, ಎರಡು ಕಾಲು ನಾಲ್ಕಕ್ಕೂ ಕೆಲಸವಿರುವ ಕೃತಿ ಇದು. ಟ್ಯಾಬ್ಲೆಟ್ ಇಟ್ಟುಕೊಂಡು ಕಾಲಿನ ಸ್ವಿಚ್‌ನಿಂದ ಪುಟ ಹಾರಿಸುವ ಯೋಚನೆ ಪಿಯಾನೋದವರಿಗೆ ಚೆಂದ. ಇಲ್ಲಿ ಆ ಸ್ವಿಚ್ ತುಳಿಯಲು ಬಿಡುವಿರುವ ಕಾಲು ಎಲ್ಲಿದೆ? ಪುಟಗಳನ್ನು ಸ್ವಲ್ಪ ಕುಗ್ಗಿಸಿ ಪ್ರತಿ ತೆಗೆದು, ಮೂರು ಮೂರರಂತೆ ಅಂಟಿಸಿ, ಸ್ಟ್ಯಾಂಡಿನ ಮೇಲೆ ಅಗಲಕ್ಕೆ ಹರಡಿಕೊಳ್ಳುವುದು ವಾಸಿ. ಪಕ್ಕದಲ್ಲಿ ಒಬ್ಬರು ನಿಂತು ಪುಟದ ಜತೆ ಸ್ಟಾಪನ್ನೂ ಎಳೆದುಕೊಟ್ಟರೆ ಇನ್ನೂ ವಾಸಿ. ಹಾಗೆ ನಿಲ್ಲುವವರಿಗೆ ನಿಮ್ಮ ಬಲಗೈ ಎಷ್ಟು ಎತ್ತರಕ್ಕೆ ಏಳುತ್ತದೆಂದು ಮೊದಲೇ ತೋರಿಸಿಡಿ.

ಬಿಡುವಿನ ಲೆಕ್ಕ

ನಿಮಿಷಕ್ಕೆ 108 ಎಣಿಕೆಯ ವೇಗ ಇಟ್ಟುಕೊಳ್ಳಿ. ಒಂದು ಎಣಿಕೆಗೆ ಅರ್ಧ ಸೆಕೆಂಡಿಗಿಂತ ಚೂರು ಹೆಚ್ಚು, 0.56 ಸೆಕೆಂಡು. ಅದರ ಅರ್ಧದಲ್ಲಿ, ಅಂದರೆ 0.28 ಸೆಕೆಂಡಿನಲ್ಲಿ, ಕೈಯ ಕಾರ್ಡ್ ಬಂದು ಹೋಗಬೇಕು. ಕಾರ್ಡ್ ಅಷ್ಟೂ ಹೊತ್ತು ನಿಂತರೆ ಮುಂದಿನ ಪೆಡಲ್ ಸ್ವರಕ್ಕೆ ಅಂಟಿಕೊಂಡು ಎಲ್ಲವೂ ಒಂದೇ ಉದ್ದನೆಯ ಗೂಂಕಾರವಾಗುತ್ತದೆ. ಅರ್ಧ ನಿಂತು ಅರ್ಧ ಬಿಟ್ಟರೆ 0.14 ಸೆಕೆಂಡು ನಾದ, 0.14 ಸೆಕೆಂಡು ಮೌನ. ತಾಳ ಕಿವಿಗೆ ಕಚ್ಚುವುದು ಆ ಮೌನದಿಂದ. ಈಗ ವೇಗವನ್ನು 132ಕ್ಕೆ ಏರಿಸಿ: ಮೌನಕ್ಕೆ ಉಳಿಯುವುದು 0.11 ಸೆಕೆಂಡು. ಕಾಗದದ ಮೇಲೆ ಸಣ್ಣ ವ್ಯತ್ಯಾಸ. ಆದರೆ ಎತ್ತರದ ಕಲ್ಲಿನ ಕಟ್ಟಡದಲ್ಲಿ ಮೂರು ನಾಲ್ಕು ಸೆಕೆಂಡು ಉಳಿಯುವ ಅನುರಣನ ಆ ಸಂದಿಯನ್ನು ತುಂಬಿಬಿಡುತ್ತದೆ, ಕೇಳುಗರಿಗೆ ವೇಗವೂ ಗೊತ್ತಾಗುವುದಿಲ್ಲ, ತಾಳವೂ ಗೊತ್ತಾಗುವುದಿಲ್ಲ. ಅದಕ್ಕೇ ದೊಡ್ಡ ಕಟ್ಟಡದಲ್ಲಿ 100ರಿಂದ 104, ಪ್ರತಿಧ್ವನಿ ಕಡಿಮೆಯಿರುವ ಕೋಣೆಯಲ್ಲಿ 112ರಿಂದ 116 ಎಂದು ಇಟ್ಟುಕೊಳ್ಳಿ. ಅದಕ್ಕಿಂತ ಮೇಲೆ ಹೋಗಲು ಯಾವ ಕಾರಣವೂ ಇಲ್ಲ.

ಬಿಡುವೆಂದರೆ ಎಲ್ಲವನ್ನೂ ಒಂದೇ ಸಮ ಕತ್ತರಿಸುವುದೂ ಅಲ್ಲ. ಮೂರಕ್ಕೂ ಬೇರೆ ಬೇರೆ ಅಳತೆ: ಪೆಡಲ್ ಸ್ವರ ತನ್ನ ಪಾಲಿನ ಮುಕ್ಕಾಲು, ಕೈಯ ಕಾರ್ಡ್ ಅರ್ಧ ಅಥವಾ ಇನ್ನೂ ಕಡಿಮೆ, ಬಲಗೈಯ ಮಟ್ಟು ಬರೆದಂತೆ. ಸ್ಟಾಪ್ ಒಂದೇ ಇದ್ದರೂ ಗಿಡ್ಡ ಸ್ವರ ಮೆಲುವಾಗಿ, ಉದ್ದ ಸ್ವರ ಜೋರಾಗಿ ಕೇಳಿಸುತ್ತದೆ. ಎಡಗೈಯ ಕಾರ್ಡುಗಳು ಮಟ್ಟನ್ನು ಮುಚ್ಚುತ್ತಿವೆ ಎನಿಸಿದರೆ ಸ್ಟಾಪ್ ಕಡಿಮೆ ಮಾಡುವ ಮೊದಲು ಕಾರ್ಡನ್ನು ಗಿಡ್ಡ ಮಾಡಿ ನೋಡಿ. ಹತ್ತರಲ್ಲಿ ಎಂಟು ಸಲ ಅಷ್ಟೇ ಸಾಕಾಗುತ್ತದೆ.

ಒಂದೇ ಸ್ವರ ಮತ್ತೆ ಮತ್ತೆ ಬರುವ ಕಡೆ ಇನ್ನೊಂದು ತೊಂದರೆ. ಕೀ ಪೂರ್ತಿ ಮೇಲೆ ಬರದೆ ಪೈಪಿನ ಕವಾಟ ಮುಚ್ಚುವುದಿಲ್ಲ; ಮುಚ್ಚದೆ ಎರಡನೇ ಏಟು ಕೇಳಿಸುವುದಿಲ್ಲ. ಬೆರಳು ಬದಲಿಸುವ ಪಿಯಾನೋ ಪದ್ಧತಿ ಇಲ್ಲಿ ಅಷ್ಟು ನೆರವಾಗುವುದಿಲ್ಲ, ಮಣಿಕಟ್ಟು ಸಡಿಲ ಬಿಟ್ಟು ಕೀಯ ಮೇಲೆಯೇ ಬೆರಳಿಟ್ಟು ಅದು ತಾನಾಗಿ ಎದ್ದುಬರಲು ಬಿಡುವುದು ಸರಿಯಾದ ದಾರಿ. ಬೆರಳನ್ನು ಗಾಳಿಗೆ ಎತ್ತಿ ಕುಟ್ಟಿದರೆ ಕೀಯ ಕಟಕಟ ಸದ್ದು ಮಾತ್ರ ಹೆಚ್ಚುತ್ತದೆ.

ಕಾಲು

ಇ-ಫ್ಲಾಟ್ ಷಡ್ಜವಾದರೆ ಬಿ-ಫ್ಲಾಟ್ ಪಂಚಮ. ಎರಡೂ ಪೆಡಲ್‌ಬೋರ್ಡಿನ ಎತ್ತರದ ಗಿಡ್ಡ ಕೀಗಳು. ಅವುಗಳ ಮೇಲೆ ಹಿಮ್ಮಡಿ ಕೂರುವುದಿಲ್ಲ, ಕಾಲ್ಬೆರಳ ತುದಿಯೇ ಗತಿ. ಸ-ಪ ಸ-ಪ ಎಂದು ಮಂದ್ರ ಅದಲುಬದಲಾಗುವ ಕಡೆ ಎಡಗಾಲಿಗೆ ಕೆಳಗಿನ ಇ-ಫ್ಲಾಟ್, ಬಲಗಾಲಿಗೆ ಅದರ ಮೇಲಿನ ಬಿ-ಫ್ಲಾಟ್ ಒಪ್ಪಿಸಿ, ಕಾಲು ಅಲ್ಲೇ ಇರಲಿ.

ನೋಡದೆ ಹುಡುಕುವುದು ಹೇಗೆ? ಗಿಡ್ಡ ಕೀಗಳು ಎರಡರ ಗುಂಪು, ಮೂರರ ಗುಂಪು ಎಂದು ಕೂತಿರುತ್ತವೆ, ನಡುವೆ ಖಾಲಿ ಸಂದಿ. ಇ-ಫ್ಲಾಟ್ ಎರಡರ ಗುಂಪಿನ ಬಲತುದಿ, ಬಿ-ಫ್ಲಾಟ್ ಮೂರರ ಗುಂಪಿನ ಬಲತುದಿ. ಅಂದರೆ ಎರಡಕ್ಕೂ ಬಲಪಕ್ಕದಲ್ಲಿ ಸಂದಿ ಇದೆ. ಬೂಟಿನ ತುದಿಯನ್ನು ಸಂದಿಗೆ ಇಳಿಸಿ ಎಡಕ್ಕೆ ಸರಿಸಿದರೆ ಮೊದಲು ತಾಗುವುದೇ ಬೇಕಾದ ಕೀ. ಹೊಸಬರು ಇದನ್ನು ಬಿಟ್ಟು ತಲೆ ಬಗ್ಗಿಸಿ ನೋಡುತ್ತಾರೆ. ತಲೆ ಬಗ್ಗಿದೊಡನೆ ಭುಜ ಬಗ್ಗುತ್ತದೆ, ಎಡಗೈ ಭಾರವಾಗುತ್ತದೆ, ಗಿಡ್ಡ ಕಾರ್ಡುಗಳು ಉದ್ದವಾಗುತ್ತವೆ. ಕೈಯಲ್ಲಿ ಕಂಡ ತಪ್ಪಿಗೆ ಮೂಲ ಕಾಲಿನಲ್ಲಿರುತ್ತದೆ.

ತೆಳು ಅಟ್ಟೆಯ, ಸಣ್ಣ ಹಿಮ್ಮಡಿಯ ಚರ್ಮದ ಬೂಟು ಬೇಕು. ರಬ್ಬರ್ ಅಟ್ಟೆ ಕೀಯ ಮೇಲೆ ಹಿಡಿದುಕೊಳ್ಳುತ್ತದೆ, ಜಾರುವುದಿಲ್ಲ. ಸಂದಿ ಹುಡುಕುವ ಕೆಲಸಕ್ಕೆ ಅದು ಬಾರದು. ಅಭ್ಯಾಸದ ಕ್ರಮ ಹೀಗಿರಲಿ: ಮೊದಲು ಪೆಡಲ್ ಒಂದೇ, ನಿಮಿಷಕ್ಕೆ 60. ಆಮೇಲೆ ಪೆಡಲ್ ಜತೆ ಎಡಗೈ, 72. ಇವೆರಡೂ ತಪ್ಪಿಲ್ಲದೆ ಕೂಡಿಬರುವವರೆಗೆ ಬಲಗೈ ಮುಟ್ಟಲೇಬಾರದು. ಮಟ್ಟು ಸುಲಭ, ಅದು ಕೊನೆಗೆ ತಾನಾಗಿ ಬಂದು ಕೂರುತ್ತದೆ. ಎಲ್ಲರೂ ಮಟ್ಟಿನಿಂದ ಶುರುಮಾಡುವುದರಿಂದಲೇ ಪೆಡಲ್ ಸದಾ ಕೂದಲೆಳೆಯಷ್ಟು ಹಿಂದೆ ಬೀಳುವುದು.

ಯಾವ ಸ್ಟಾಪು

ಫ್ರೆಂಚ್ ಮಾದರಿಯ ವಾದ್ಯ ಕೈಗೆ ಸಿಕ್ಕರೆ ಯೋಚನೆಯೇ ಇಲ್ಲ: 8 ಮತ್ತು 4 ಅಡಿಯ ಫೋಂ (ಅಡಿ ಪೈಪಿನ ಉದ್ದದ ಲೆಕ್ಕ: 8 ಎಂದರೆ ಬರೆದ ಸ್ವರವೇ, 4 ಒಂದು ಸ್ಥಾಯಿ ಮೇಲೆ, 16 ಒಂದು ಸ್ಥಾಯಿ ಕೆಳಗೆ), ಕೀಬೋರ್ಡುಗಳ ಜೋಡಣೆ, ತಿರಾಸ್, ಅದರ ಮೇಲೆ ರೀಡು. ಸಾಧಾರಣ ಆರ್ಗನ್ನಿನಲ್ಲಿ ಪ್ರಿನ್ಸಿಪಲ್ 8, 4, 2 ಹಾಕಿ, ಸ್ವೆಲ್‌ನ 8 ಅಡಿ ಟ್ರಂಪೆಟ್ ಜೋಡಿಸಿದರೆ ಹತ್ತಿರಕ್ಕೆ ಬರುತ್ತದೆ. ಕೈಕೀಬೋರ್ಡಿನಲ್ಲಿ 16 ಅಡಿಯ ಸ್ಟಾಪ್ ಬೇಡ. ಎಡಗೈಯ ಕಾರ್ಡುಗಳು ಮೊದಲೇ ಕೆಳಗಿವೆ, ಇನ್ನೊಂದು ಸ್ಥಾಯಿ ಕೆಳಗೆ ಸೇರಿದರೆ ಕೆಸರು. ಪೆಡಲ್‌ಗೆ 16 ಬೇಕು, ಆದರೆ ಒಂಟಿಯಾಗಿ ಅಲ್ಲ, 8ರ ಜತೆಗೆ. ದೊಡ್ಡ ಪೈಪು ನಾದ ಹಿಡಿಯಲು ಕ್ಷಣ ತಡಮಾಡುತ್ತದೆ. 8ರ ಪೈಪು ಮೊದಲೇ ಬಾಯಿ ತೆರೆದು ಸ್ವರದ ಅಂಚನ್ನು ತೋರಿಸುತ್ತದೆ.

ಮಿಕ್ಸ್ಚರ್ ಬಗ್ಗೆ ಎಚ್ಚರಿಕೆ. ಡಿಜಿಟಲ್ ಆರ್ಗನ್ನುಗಳಲ್ಲಿ ಕಿವಿ ಚುಚ್ಚುವ ಮಿಕ್ಸ್ಚರ್ ಸಾಮಾನ್ಯ. ಇಲ್ಲಿ ಬೇಕಿರುವುದು ತುತ್ತೂರಿಯ ದಪ್ಪ ಹೊಳಪು, ಗಾಜಿನ ಚೂರಿನ ಹೊಳಪಲ್ಲ. ರೀಡು ಚೆನ್ನಾಗಿದ್ದರೆ ಮಿಕ್ಸ್ಚರ್ ಬಿಡಿ. ಶುರುಮಾಡುವ ಮೊದಲು ಸೆಲೆಸ್ಟ್ ಮತ್ತು ನಾದ ನಡುಗಿಸುವ ಟ್ರೆಮ್ಯುಲಂಟ್ ಆರಿವೆಯೇ ಎಂದೂ ನೋಡಿಕೊಳ್ಳಿ. ಸೆಲೆಸ್ಟನ್ನು ಬೇಕೆಂದೇ ಶ್ರುತಿಯಿಂದ ಕೊಂಚ ಸರಿಸಿ ಕಟ್ಟಿರುತ್ತಾರೆ. ಮೆಲುವಾದ ಕೃತಿ ಮುಗಿಸಿ ನೇರ ಇದಕ್ಕೆ ಬಂದಾಗ ಸ್ವೆಲ್ ಜೋಡಣೆಯ ಮೂಲಕ ಅದೂ ನುಗ್ಗಿ, ಇಡೀ ವಾದ್ಯದ ಶ್ರುತಿ ಕೆಟ್ಟಂತೆ ಕೇಳಿಸುತ್ತದೆ.

ಮೆಲುವಾದ ಭಾಗದಲ್ಲಿ ರೀಡು ತೆಗೆದು, ಸ್ವೆಲ್ ಕದ ಮುಚ್ಚಿ, ನಿಧಾನಕ್ಕೆ ತೆರೆಯುತ್ತ ಬರಬೇಕು. ಕದ ತೆರೆಯಲು ಬಲಗಾಲು ಹೋದರೆ ಪೆಡಲೆಲ್ಲ ಎಡಗಾಲಿನ ಪಾಲು. ಕವಾಯೇ-ಕೋಲ್‌ನ ಹಳೆಯ ವಾದ್ಯಗಳಲ್ಲಿ ಕದದ ಲಿವರ್ ಬಲತುದಿಯಲ್ಲಿ, ಕೊಕ್ಕೆಗೆ ಸಿಕ್ಕಿಸುವಂತೆ ಇರುತ್ತಿತ್ತು. ಈಗಿನಂತೆ ಎಲ್ಲೆಂದರಲ್ಲಿ ನಿಲ್ಲಿಸುವ ಸಮತೋಲದ ಪೆಡಲ್ ಅಲ್ಲ. ಹಾಗಾಗಿ ಅತಿ ನವಿರಾದ ಏರಿಳಿತ ಮಾಡಲು ಹೆಣಗಬೇಡಿ, ಎರಡು ಮೂರು ಮೆಟ್ಟಿಲು ಸಾಕು. ಈ ಭಾಗ ತೆಳುವೆಂದು ಮೊದಲೇ ಹೇಳಿದೆ. ಅದನ್ನು ಭಾವ ತುಂಬಿ ಎಳೆದರೆ ಇನ್ನೂ ತೆಳುವಾಗುತ್ತದೆ. ಲಯ ಬಿಡದೆ ದಾಟಿಬಿಡುವುದೇ ಜಾಣತನ.

ದೂರದ ಪೈಪು, ಕಂಪ್ಯೂಟರಿನ ಪೈಪು

ವಾದ್ಯದ ಪೈಪುಗಳು ನಿಮ್ಮ ಆಸನದಿಂದ 17 ಮೀಟರ್ ದೂರದಲ್ಲಿದ್ದರೆ ನಾದ ನಿಮಗೆ ತಲುಪಲು ಸೆಕೆಂಡಿನ ಇಪ್ಪತ್ತನೇ ಒಂದು ಪಾಲು ಬೇಕು. ಕಿವಿಗೆ ಕೇಳಿಸಿದ್ದಕ್ಕೆ ಹೊಂದಿಕೊಂಡು ನುಡಿಸಿದರೆ ಪ್ರತಿ ಎಣಿಕೆಗೂ ಅಷ್ಟಷ್ಟು ಹಿಂದೆ ಸರಿಯುತ್ತ, ಕೃತಿ ತಾನೇ ನಿಧಾನವಾಗುತ್ತದೆ. ಮದ್ದು ಒಂದೇ, ಬೆರಳಿನ ಸ್ಪರ್ಶವನ್ನು ನಂಬಿ ನುಡಿಸುವುದು. ಕಿವಿಯನ್ನು ಸ್ವಲ್ಪ ಹೊತ್ತು ನಂಬದಿರುವುದನ್ನು ಕಲಿಯಬೇಕು, ವಿಚಿತ್ರವೆನಿಸಿದರೂ.

ಮನೆಯಲ್ಲಿ ಕಂಪ್ಯೂಟರ್ ಆರ್ಗನ್ ಇಟ್ಟುಕೊಂಡವರಿಗೆ ಇದೇ ರೋಗ ಇನ್ನೊಂದು ರೂಪದಲ್ಲಿ ಬರುತ್ತದೆ. ಗ್ರ್ಯಾಂಡ್‌ಆರ್ಗ್ (GrandOrgue) ಎಂಬ ತಂತ್ರಾಂಶ ಪುಕ್ಕಟೆ, ಚೆನ್ನಾಗಿದೆ, ಈ ಕೃತಿಗೆ ಧಾರಾಳ ಸಾಕು. ಆದರೆ ಆಡಿಯೋ ಬಫರ್ (ಕಂಪ್ಯೂಟರ್ ಒಮ್ಮೆಗೆ ಸಿದ್ಧಮಾಡಿಡುವ ಧ್ವನಿಯ ತುಣುಕು) 1024 ಸ್ಯಾಂಪಲ್‌ಗೆ ಇಟ್ಟರೆ 48,000 ಹರ್ಟ್ಸ್ ದರದಲ್ಲಿ ಅದೊಂದೇ 21 ಮಿಲಿಸೆಕೆಂಡು ತಿನ್ನುತ್ತದೆ. 256ಕ್ಕೆ ಇಳಿಸಿದರೆ 5 ಮಿಲಿಸೆಕೆಂಡಿನ ಸುತ್ತ. ನಿಧಾನದ ಕೃತಿಗಳಲ್ಲಿ ಗೊತ್ತಾಗದ ಈ ತಡ ಇಲ್ಲಿ ಬೆರಳಿಗೆ ಅಂಟಿದಂತೆ ಭಾಸವಾಗುತ್ತದೆ.

ಇನ್ನೊಂದು ಸಂಗತಿ ಬಹಳ ಮಂದಿಯ ಗಮನಕ್ಕೆ ಬರುವುದಿಲ್ಲ. ಕಂಪ್ಯೂಟರಿಗೆ ಉದ್ದ ಸ್ವರಕ್ಕಿಂತ ಗಿಡ್ಡ ಸ್ವರವೇ ಭಾರ. ಕೀ ಬಿಟ್ಟಾಗ ಕಟ್ಟಡದ ಅನುರಣನದ ತುಣುಕು ಬೇರೆಯಾಗಿ ನುಡಿಯತೊಡಗುತ್ತದೆ. ಆರು ಸ್ವರದ ಕಾರ್ಡಿಗೆ ಹತ್ತು ಸ್ಟಾಪ್ ಇದ್ದರೆ ಅರವತ್ತು ಪೈಪು. ಅನುರಣನ ನಾಲ್ಕು ಸೆಕೆಂಡಿನದಾದರೆ, 108ರ ವೇಗದಲ್ಲಿ ಹಿಂದಿನ ಕಾರ್ಡುಗಳ ಬಾಲಗಳೇ ನಾನೂರು ದಾಟಿ ಒಟ್ಟಿಗೆ ನುಡಿಯುತ್ತಿರುತ್ತವೆ. ಪಾಲಿಫನಿಯ, ಅಂದರೆ ಒಟ್ಟಿಗೆ ನುಡಿಯಬಲ್ಲ ನಾದಗಳ, ಮಿತಿ ಕಡಿಮೆ ಇಟ್ಟಿದ್ದರೆ ಬಾಲ ಕತ್ತರಿಸಿಹೋಗಿ ನಾದ ಒಣಗುತ್ತದೆ. ಯಂತ್ರಕ್ಕೆ ಶಕ್ತಿ ಸಾಲದೆ ಹೋದರೆ ಪಟಪಟ ಸದ್ದು. ಅನುರಣನ ಕಡಿಮೆಯಿರುವ ಪೈಪುಗಳ ಧ್ವನಿಮುದ್ರಣ ಆರಿಸಿ, ಬೇಡದ ಸ್ಟಾಪುಗಳನ್ನು ಮೆಮೊರಿಗೆ ಹಾಕಬೇಡಿ.

ಸ್ಪೀಕರ್ ಸಣ್ಣದಾದರೆ ಕೃತಿಯ ಅರ್ಧ ಮಾಯ. ಪೆಡಲ್‌ನ ಕೆಳಗಿನ ಇ-ಫ್ಲಾಟ್ 16 ಅಡಿ ಸ್ಟಾಪಿನಲ್ಲಿ 39 ಹರ್ಟ್ಸ್, ಸಣ್ಣ ಸ್ಪೀಕರಿಗೆ ಎಟುಕದ್ದು. ಆಗ ಕಾಲಿನ ಸ್ವರ ಕೇಳಿಸದೆ ಕೈಯ ಕಾರ್ಡು ಮಾತ್ರ ಕೇಳಿ, ತಾಳ ತಲೆಕೆಳಗಾದಂತೆ ಅನಿಸುತ್ತದೆ. ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ, ಇಲ್ಲವೇ ಪೆಡಲ್‌ನ 8 ಅಡಿಯನ್ನು ಜೋರು ಮಾಡಿ. ಅದೇ ಸ್ವರ ಅಲ್ಲಿ 78 ಹರ್ಟ್ಸ್.

ಪೆಡಲ್‌ಬೋರ್ಡೇ ಇಲ್ಲದವರಿಗೆ

ಲೆಫೆಬ್ಯೂರ್-ವೆಲಿ ಹಾರ್ಮೋನಿಯಂಗೂ ಧಾರಾಳವಾಗಿ ಬರೆದವನು; ಪ್ಯಾರಿಸ್‌ನ ದೆಬ್ಯಾಂ ಆ ವಾದ್ಯಕ್ಕೆ ಪೇಟೆಂಟ್ ಪಡೆದದ್ದು 1842ರಲ್ಲಿ. ಹಾಗಾಗಿ ಕೈಯಿಂದಲೇ ನುಡಿಸುವುದು ಆತನ ಕಾಲಕ್ಕೆ ಹೊರಗಿನ ಮಾತಲ್ಲ. 61 ಕೀಗಳ ಕೀಬೋರ್ಡಿನಲ್ಲಿ ಎಡಗೈ ಕೆಳಗಿನ ಸ್ವರ ಮುಟ್ಟಿ ಮೇಲಕ್ಕೆ ಜಿಗಿದು ಕಾರ್ಡ್ ಹೊಡೆಯಬೇಕು. ವೇಗ 92ಕ್ಕೆ ಇಳಿಸಿ, ಕಾರ್ಡಿನಲ್ಲಿ ಎರಡೇ ಸ್ವರ ಉಳಿಸಿಕೊಳ್ಳಿ. ಮಟ್ಟಿನಲ್ಲಿ ಆಗಲೇ ಇರುವ ಸ್ವರವನ್ನು ಎಡಗೈಯಲ್ಲಿ ಮತ್ತೆ ಹಿಡಿಯಬೇಕಿಲ್ಲ. ಬೆರಳಿನ ಒತ್ತಡಕ್ಕೆ ಸದ್ದು ಬದಲಾಗುವ ಸೌಲಭ್ಯವಿದ್ದರೆ ಆರಿಸಿಬಿಡಿ, ಇಲ್ಲದಿದ್ದರೆ ಜಿಗಿತದ ಕೊನೆಗೆ ಬಿದ್ದ ಕಾರ್ಡೇ ಎಲ್ಲಕ್ಕಿಂತ ಜೋರಾಗುತ್ತದೆ. ಇಷ್ಟೆಲ್ಲ ಮಾಡಿದರೂ ಮೂಲದ ಅರ್ಧ ಮಜಾ ಅಷ್ಟೇ. ಕಲಿಯಲು ಪರವಾಗಿಲ್ಲ, ಜನರೆದುರು ನುಡಿಸಲು ಬೇಡ.

ಯಾರಿಗೆ, ಯಾರಿಗಲ್ಲ

ಪೆಡಲ್ ಹೊಸದಾಗಿ ಕಲಿಯುತ್ತಿರುವವರಿಗೆ ಇದು ಮೊದಲ ಕೃತಿಯಾಗಬಾರದು. ಕಾಲ್ಬೆರಳನ್ನು ಅದಲುಬದಲು ಮಾಡುವ ಪಾಠಗಳು ಮುಗಿದಿರಬೇಕು. ಮದುವೆ ಮುಗಿದು ಜೋಡಿ ಹೊರನಡೆಯುವಾಗ, ಕಚೇರಿಯ ಕೊನೆಗೆ ಇನ್ನೊಂದು ನುಡಿಸಿ ಎಂದು ಜನ ಕೇಳಿದಾಗ, ಹೇಳಿಮಾಡಿಸಿದಂತಿದೆ. ಪೂಜೆಯ ಬಳಿಕ ನುಡಿಸುವುದಾದರೆ ಆ ಚರ್ಚಿನ ಹಿರಿಯರ ಅಭಿರುಚಿ ತಿಳಿದುಕೊಂಡು ಮುಂದುವರಿಯಿರಿ. 1903ರಲ್ಲಿ ಹತ್ತನೆಯ ಪಯಸ್ ಪೋಪ್ ಚರ್ಚಿನೊಳಗೆ ನಾಟಕಶಾಲೆಯ ಶೈಲಿ ಸಲ್ಲದೆಂದು ವಿಧಿಸಿದ ಮೇಲೆ ಇಂಥ ಸಂಗೀತಕ್ಕೆ ಕೆಲವು ಕಡೆ ಇನ್ನೂ ಹುಬ್ಬು ಗಂಟಿಕ್ಕುತ್ತಾರೆ. ಉಪವಾಸದ ನಲವತ್ತು ದಿನಗಳಲ್ಲಂತೂ ಮುಟ್ಟಬೇಡಿ.

ನಿಮ್ಮ ವಾದ್ಯದಲ್ಲಿ ರೀಡು ಬಿರುಕು ಬಿಟ್ಟ ದನಿಯದಾದರೆ ಇದೇ ಕರ್ತೃವಿನ ಬೊಲೇರೊ ದ ಕೊನ್ಸೇರ್, ಓಪಸ್ 166, ನೋಡಬಹುದು. ಜಿ ಮೈನರಿನದು, ಕೊಳಲು ಮತ್ತು ಮೆಲು ಸ್ಟಾಪುಗಳಲ್ಲೂ ನಡೆಯುತ್ತದೆ, ತಾಳ ಮೂರರದ್ದು. ಇದಕ್ಕೆ ತಿರುಗುಮುರುಗಾದ ಸ್ಥಿತಿ, ಅಂದರೆ ಒಂದು ಭರ್ಜರಿ ಟ್ಯೂಬಾ ಸ್ಟಾಪ್ (ತುಂಬ ಗಟ್ಟಿ ದನಿಯ ರೀಡು) ಇದ್ದು ಉಳಿದವು ಸಾಧಾರಣವಾದರೆ, ಸಿ. ಎಸ್. ಲ್ಯಾಂಗ್‌ನ ಡಿ ಮೇಜರ್ ಟ್ಯೂಬಾ ಟ್ಯೂನ್ ಹೆಚ್ಚು ಹೊಂದುತ್ತದೆ. ಎರಡೂ ಇಲ್ಲದ ಸಣ್ಣ ಆರ್ಗನ್ನಿನಲ್ಲಿ ಸೊರ್ತಿಯನ್ನೇ ಆರಿಸಿಕೊಂಡು ಪ್ರಿನ್ಸಿಪಲ್‌ಗಳಲ್ಲೇ 104ರಲ್ಲಿ ನುಡಿಸಿ. ಕಾರ್ಡುಗಳು ಗಿಡ್ಡವಾಗಿದ್ದರೆ ಟ್ರಂಪೆಟ್ ಇಲ್ಲವೆಂದು ಯಾರೂ ಕೇಳುವುದಿಲ್ಲ.